ಬೈಕಿನ ವೀಲ್ ಬೇರಿಂಗ್: ಬಡಿಯುವುದಾದರೆ ಹೊರಬಳೆಗೆ ಬಡಿಯಿರಿ

ಆಲ್ದೂರಿನಿಂದ ಚಿಕ್ಕಮಗಳೂರಿಗೆ ಹೊರಟರೆ, 40 ಕಿ.ಮೀ. ವೇಗ ದಾಟಿದ ಕೂಡಲೇ ಮುಂದಿನ ಚಕ್ರದ ಕಡೆಯಿಂದ ಗುಂಯ್ ಅಂತ ಒಂದು ಸದ್ದು. ಮೊದಲ ವಾರ ಟೈರಿನ ಸದ್ದು ಅಂದುಕೊಂಡೆ. ಎರಡನೇ ವಾರ ಹೆಲ್ಮೆಟ್ಟಿನೊಳಗೆ ಗಾಳಿ ಹೊಕ್ಕ ಸದ್ದು ಅಂದುಕೊಂಡೆ. ಬೇರಿಂಗ್ (ಆಕ್ಸೆಲ್ ಅನ್ನುವ ನಡುಸರಳಿನ ಸುತ್ತ ಚಕ್ರ ಸಲೀಸಾಗಿ ತಿರುಗಲು ಇರುವ ಗುಂಡುಗಳ ಬಳೆ) ಇರಬಹುದು ಅನ್ನೋದು ತಲೆಗೇ ಬರಲಿಲ್ಲ, ಯಾಕಂದ್ರೆ ಅದೇ ಮಳೆಗಾಲಕ್ಕೆ ಮುಂಚೆ ಒಂದು ಗ್ಯಾರೇಜಿನಲ್ಲಿ ದುಡ್ಡು ಕೊಟ್ಟು ಎರಡೂ ಬೇರಿಂಗ್ ಹೊಸದು ಹಾಕಿಸಿದ್ದೆ. ಕೊನೆಗೆ ಚಕ್ರ ಬಿಚ್ಚಿ ನೋಡಿದರೆ ಒಂದರಲ್ಲಿ ಗ್ರೀಸಿನ ಬದಲು ಕಾಫಿ ಬಣ್ಣದ ನೀರು. ಇನ್ನೊಂದನ್ನು ಗ್ರೈಂಡರ್‌ನಲ್ಲಿ ಕುಯ್ದು ನೋಡಿದೆ. ಗುಂಡುಗಳು ಉರುಳುವ ದಾರಿಯ ಮೇಲೆ ಸಮ ಅಂತರದಲ್ಲಿ ಸಣ್ಣ ಸಣ್ಣ ತಗ್ಗು, ಬೆರಳ ಉಗುರಿನಿಂದ ಸವರಿದರೆ ಟಿಕ್ ಟಿಕ್ ಅಂತ ಸಿಗುತ್ತಿತ್ತು. ಅದು ಓಡಿ ಸವೆದದ್ದಲ್ಲ. ಕೂರಿಸುವಾಗಲೇ ಸುತ್ತಿಗೆಯಲ್ಲಿ ತಪ್ಪು ಜಾಗಕ್ಕೆ ಬಡಿದದ್ದು.

ಅವತ್ತಿನಿಂದ ಈ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೇನೆ. ಕಷ್ಟ ಏನಿಲ್ಲ. ಒಂದು ಭಾನುವಾರ ಬೆಳಗ್ಗೆ ಸಾಕು. ನಮ್ಮ ಕಡೆ ವೀಲ್ ಬೇರಿಂಗ್ ಕಿಲೋಮೀಟರ್ ಓಡಿ ಸಾಯೋದು ಕಡಿಮೆ, ನೀರು ಕುಡಿದು ಸಾಯೋದು ಮತ್ತು ಏಟು ತಿಂದು ಸಾಯೋದೇ ಜಾಸ್ತಿ. ಈ ಎರಡನ್ನು ತಪ್ಪಿಸಿದರೆ ಉಳಿದದ್ದು ನಟ್ಟು ಬಿಚ್ಚಿ ನಟ್ಟು ಹಾಕುವ ಕೆಲಸ ಅಷ್ಟೇ. ನಾನು ಹೇಳುತ್ತಿರುವುದು ಎರಡೂ ಕಡೆ ಡ್ರಮ್ ಬ್ರೇಕ್ ಇರುವ 100 ಸಿಸಿಯ ಹಳೇ ಗಾಡಿಯ ಲೆಕ್ಕ. ಬೇರೆ ಬೈಕುಗಳಲ್ಲೂ ಒಳಗಿನ ಕಥೆ ಹೆಚ್ಚುಕಡಿಮೆ ಇದೇ.

ನೀರು ಒಳಗೆ ಹೇಗೆ ಹೋಗುತ್ತೆ ಅಂತ ಕೇಳಬಹುದು, ರಬ್ಬರ್ ಸೀಲ್ ಇರುತ್ತಲ್ವಾ ಅಂತ. ಇರುತ್ತೆ. ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಡ್ರಮ್ ಕಾಯುತ್ತದೆ, ಅದರ ಜೊತೆಗೆ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಕಾಯುತ್ತದೆ, ಹಬ್ಬಿನೊಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಆ ಬಿಸಿ ಹಬ್ಬನ್ನು ಹಾಗೇ ಹಳ್ಳದ ತಣ್ಣೀರಿಗೆ ಇಳಿಸಿದರೆ ಗಾಳಿ ಕುಗ್ಗುತ್ತದೆ, ಖಾಲಿಯಾದ ಜಾಗ ತುಂಬಲು ಸೀಲಿನ ತುಟಿಯ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ ಅನ್ನು ನೇರ ಆಕ್ಸೆಲ್ಲಿಗೆ ಹಿಡಿದರೂ ಇದೇ ಗತಿ, ಅಲ್ಲಿ ನೀರು ಒತ್ತಡದಲ್ಲೇ ನುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಾಡಿಗಳ ಬದುಕು ಹೀಗೇ. ಗಾಡಿ ತೊಳೆಸುವುದಿದ್ದರೆ ತಣ್ಣಗಾಗಲು ಬಿಡಿ, ಗನ್ ಹಿಡಿದ ಹುಡುಗನಿಗೆ ಆಕ್ಸೆಲ್ ಹತ್ತಿರ ಬೇಡ ಅಂತ ಒಂದು ಮಾತು ಹೇಳಿ. ಅವನು ಕೇಳಲ್ಲ, ಆದರೂ ಹೇಳಿ.

ಹೋಗಿದೆಯಾ ಇಲ್ವಾ?

ಖಾಲಿ ಇರುವ, ಸಮತಟ್ಟಾದ ರಸ್ತೆ ನೋಡಿ. ಸದ್ದು ಬರುವ ವೇಗಕ್ಕೆ ಹೋಗಿ ಕ್ಲಚ್ ಹಿಡಿಯಿರಿ. ಎಂಜಿನ್ ಸದ್ದು ಇಳಿದ ಮೇಲೂ ಗುಂಯ್ ಅನ್ನುವುದು ಹಾಗೇ ಇದ್ದು, ಗಾಡಿ ನಿಧಾನ ಆದ ಹಾಗೆ ಅದೂ ಇಳಿದರೆ ಸದ್ದು ಚಕ್ರದ ಕಡೆಯದು. ಕೈಮರದಂಥ ಘಾಟಿ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಈ ಪರೀಕ್ಷೆ ಮಾಡಲು ಹೋಗಬೇಡಿ. ಆ ತಿರುವುಗಳಲ್ಲಿ ಎಂಜಿನ್ ಬ್ರೇಕ್ ಬೇಕೇ ಬೇಕು.

ಮನೆಗೆ ಬಂದು ಡಬಲ್ ಸ್ಟ್ಯಾಂಡ್ ಹಾಕಿ. ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಸಿಕ್ಕಿದರೆ ಬೇರಿಂಗ್ ಹೋಗಿದೆ. ಮುಂದಿನ ಚಕ್ರ ಎತ್ತಲು ಯಾರನ್ನಾದರೂ ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿ. ಇಲ್ಲೊಂದು ಮೋಸ ಇದೆ. ಮುಂದೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಕೋನ್ ಸೆಟ್, ಸವೆದಿದ್ದರೂ ಆಟ ಬರುತ್ತದೆ, ಹಿಂದೆ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಬುಷ್ ಸವೆದಿದ್ದರೂ ಬರುತ್ತದೆ. ಅದಕ್ಕೆ ಅಲ್ಲಾಡಿಸುವಾಗ ಕಣ್ಣು ಟೈರಿನ ಮೇಲಲ್ಲ, ಆಕ್ಸೆಲ್ ಮೇಲಿರಲಿ. ಫೋರ್ಕು (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು) ಅಲ್ಲಾಡದೆ ಚಕ್ರ ಮಾತ್ರ ಅಲ್ಲಾಡಿದರೆ ಬೇರಿಂಗ್. ಫೋರ್ಕೂ ಜೊತೆಗೆ ಬಂದರೆ ಕೋನ್ ಸೆಟ್, ಅದು ಬೇರೆ ಭಾನುವಾರದ ಕೆಲಸ.

ಅನುಮಾನ ಹೋಗದಿದ್ದರೆ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯನ್ನು ಫೋರ್ಕಿನ ಕೆಳತುದಿಗೆ ಇಡಿ. ಒಳ್ಳೆ ಬೇರಿಂಗ್ ಇದ್ದರೆ ಕೈಗೆ ಏನೂ ಗೊತ್ತಾಗಲ್ಲ. ಹೋಗಿದ್ದರೆ ರವೆ ಬೀಸುವ ಹಾಗೆ ಕರಕರ ಕೈಗೆ ಸಿಗುತ್ತದೆ. ಸೀಲಿನ ಸುತ್ತ ಕೆಂಪು ತುಕ್ಕು ನೀರು ಇಳಿದ ಗುರುತು ಇದ್ದರಂತೂ ಕೇಳುವುದೇ ಬೇಡ.

ಯಾವ ನಂಬರ್ ತರಬೇಕು?

ಬೇರಿಂಗ್ ನಂಬರ್ ಅದರ ಮೇಲೇ ಬರೆದಿರುತ್ತದೆ, ಬಳೆಯ ಮೇಲೆ ಕೊರೆದಿರುತ್ತದೆ ಅಥವಾ ಸೀಲಿನ ಮೇಲೆ ಅಚ್ಚಾಗಿರುತ್ತದೆ. ನನ್ನ ಗಾಡಿಯಲ್ಲಿ ಇದ್ದದ್ದು 6301. ಈ ನಂಬರ್ ಓದುವುದು ಒಂದು ಸಲ ಗೊತ್ತಾದರೆ ಅಂಗಡಿಯಲ್ಲಿ ಯಾರೂ ಯಾಮಾರಿಸಲ್ಲ. ಕೊನೆಯ ಎರಡು ಅಂಕಿ ಒಳಗಿನ ತೂತಿನ ಅಳತೆ: 00 ಅಂದರೆ 10 ಮಿ.ಮೀ., 01 ಅಂದರೆ 12, 02 ಅಂದರೆ 15, 03 ಅಂದರೆ 17, ಅಲ್ಲಿಂದ ಮುಂದಕ್ಕೆ 04 ಇದ್ದರೆ ಐದರಿಂದ ಗುಣಿಸಿ, 20. ಮೊದಲ ಎರಡು ಅಂಕಿ ಬೇರಿಂಗಿನ ಜಾತಿ ಮತ್ತು ಗಾತ್ರದ ಸರಣಿ. 6201 ಮತ್ತು 6301 ಎರಡಕ್ಕೂ ತೂತು 12 ಮಿ.ಮೀ., ಆದರೆ ಮೊದಲನೆಯದರ ಹೊರ ಅಳತೆ 32, ದಪ್ಪ 10. ಎರಡನೆಯದರದು 37 ಮತ್ತು 12. ಹಾಗಾಗಿ "ಅದೇ ಅಣ್ಣ, ಕೂರುತ್ತೆ" ಅಂತ ಅಂಗಡಿಯವರು ಹೇಳಿದರೂ ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿ.

ನಂಬರ್ ಆದ ಮೇಲೆ ಅಕ್ಷರಗಳಿರುತ್ತವೆ. ಆರ್‌ಎಸ್ ಅಂದರೆ ಒಂದು ಬದಿಗೆ ರಬ್ಬರ್ ಸೀಲ್. 2ಆರ್‌ಎಸ್ ಅಂದರೆ ಎರಡೂ ಬದಿಗೆ. ಝಡ್ ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ, ಅದು ಧೂಳು ತಡೆಯುತ್ತೆ, ನೀರನ್ನಲ್ಲ. ಮಲೆನಾಡಿನ ಗಾಡಿಗೆ ಕಣ್ಣುಮುಚ್ಚಿ 2ಆರ್‌ಎಸ್ ಕೇಳಿ. ಸಿ3 ಅಂತ ಇದ್ದರೆ ಒಳಗಿನ ಸಡಿಲ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಅಂತ ಅರ್ಥ. ನಿಮ್ಮ ಹಳೆಯದರಲ್ಲಿ ಸಿ3 ಇದ್ದರೆ ಹೊಸದರಲ್ಲೂ ಇರಲಿ. ಎಸ್‌ಕೆಎಫ್, ಎನ್‌ಬಿಸಿ, ಎಫ್‌ಎಜಿ, ಎನ್‌ಟಿಎನ್ ಯಾವ ಕಂಪನಿಯದಾದರೂ ಆಗುತ್ತೆ, ಅಸಲಿ ಆಗಿರಬೇಕು ಅಷ್ಟೇ. ನಕಲಿ ಬೇರಿಂಗ್ ಡಬ್ಬಿ ಅಸಲಿಗಿಂತ ಚೆಂದ ಇರುತ್ತೆ. ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ಜೊತೆಗೆ ಹೊಸ ಡಸ್ಟ್ ಸೀಲ್ (ಬೇರಿಂಗಿನ ಹೊರಗೆ ಹಬ್ಬಿನ ಬಾಯಿಗೆ ಕೂರುವ ರಬ್ಬರ್ ಬಳೆ), ಗಾಡಿಯಲ್ಲಿ ನಟ್ಟು ಕಳಚದಂತೆ ಹಾಕುವ ಸ್ಪ್ಲಿಟ್ ಪಿನ್ ಇದ್ದರೆ ಅದೂ ಹೊಸದು. ಎರಡು ಬೇರಿಂಗ್, ಸೀಲು ಎಲ್ಲ ಸೇರಿ ನನಗೆ ಐನೂರರ ಆಸುಪಾಸಿನಲ್ಲಿ ಮುಗಿದಿತ್ತು. ಒಂದು ಹೋಗಿದ್ದರೂ ಎರಡನ್ನೂ ಬದಲಿಸಿ. ಒಂದೇ ಹಬ್ಬಿನಲ್ಲಿ ಒಂದೇ ಮಳೆ ನೆನೆದವು ಅವು.

ಸಾಮಾನು ಜಾಸ್ತಿ ಬೇಡ. ನಿಮ್ಮ ಆಕ್ಸೆಲ್ಲಿಗೆ ಹೊಂದುವ ಎರಡು ರಿಂಗ್ ಸ್ಪಾನರ್, ಒಂದು ದಪ್ಪ ಸ್ಕ್ರೂಡ್ರೈವರ್, ಅರ್ಧ ಕೆ.ಜಿ. ಸುತ್ತಿಗೆ, ಒಂದಡಿ ಉದ್ದದ ಕಬ್ಬಿಣದ ಸರಳು. ಸರಳಿನ ತುದಿ ದುಂಡಗಾಗಿರದೆ ಚಪ್ಪಟೆಯಾಗಿ, ಅಂಚು ಚೂಪಾಗಿ ಇದ್ದರೆ ಒಳ್ಳೆಯದು. ಸೀಮೆಎಣ್ಣೆ ಸಿಗದಿದ್ದರೆ ಸ್ವಲ್ಪ ಡೀಸೆಲ್, ಒಂದು ಡಬ್ಬಿ ವೀಲ್ ಬೇರಿಂಗ್ ಗ್ರೀಸು, ಹಳೇ ಬನಿಯನ್ನು. ಇನ್ನೊಂದು ಮುಖ್ಯವಾದದ್ದು ಬಚ್ಚಲ ಹಂಡೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಹೊಸ ಬೇರಿಂಗ್ ಎರಡನ್ನೂ ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಇಡಿ. ಮನೆಯಲ್ಲಿ ಬೈತಾರೆ. ಬೈಸಿಕೊಳ್ಳಿ.

ಬಿಚ್ಚುವುದು

ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಅಡಿಗೆ ಸಿಲ್ವರ್ ಓಕಿನ ಒಂದು ತುಂಡು ಕೊಟ್ಟು ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಗಾಡಿಯನ್ನು ಒಂದು ಸಲ ತಳ್ಳಿ ನೋಡಿ, ಅಲ್ಲಾಡಿದರೆ ಮತ್ತೆ ಇಡಿ, ಬಗ್ಗಿ ಕೂತಾಗ ತಲೆ ಮೇಲೆ ಬರುವುದು ಬೇಡ. ಬ್ರೇಕ್ ಕೇಬಲ್ಲಿನ ನಟ್ಟು ಸಡಿಲಿಸಿ ಕೇಬಲ್ ಬಿಡಿಸಿ, ಸ್ಪೀಡೋಮೀಟರ್ ಕೇಬಲ್ ಬಿಡಿಸಿ, ಆಕ್ಸೆಲ್ ನಟ್ಟು ಬಿಚ್ಚಿ, ಆಕ್ಸೆಲ್ ಎಳೆಯಿರಿ. ಬರದಿದ್ದರೆ ನಟ್ಟನ್ನು ಅರ್ಧ ಹಾಕಿ ಅದರ ಮೇಲೆ ಮೆಲ್ಲಗೆ ತಟ್ಟಿ, ಬರೀ ಥ್ರೆಡ್ ಮೇಲೆ ಬಡಿದರೆ ನಟ್ಟು ಮತ್ತೆ ಕೂರಲ್ಲ. ಯಾವ ಕಡೆ ಯಾವ ಬುಷ್, ಯಾವ ವಾಷರ್ ಇತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನೆನಪಿರುತ್ತೆ ಅನ್ನಿಸುತ್ತೆ, ಇರಲ್ಲ.

ಡಿಸ್ಕ್ ಬ್ರೇಕ್ ಗಾಡಿಯಾದರೆ ಚಕ್ರ ಹೊರಗಿರುವಾಗ ಬ್ರೇಕ್ ಹಿಡಿಕೆಯನ್ನು ಮುಟ್ಟಲೇಬೇಡಿ, ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಪ್ಯಾಡುಗಳ ನಡುವೆ ಒಂದು ರಟ್ಟಿನ ತುಂಡು ಸಿಕ್ಕಿಸಿಡಿ. ಚಕ್ರವನ್ನು ಡಿಸ್ಕ್ ಕೆಳಗಾಗಿ ಮಲಗಿಸಬೇಡಿ.

ಡ್ರಮ್ಮಿನೊಳಗಿನ ಕಪ್ಪು ಧೂಳನ್ನು ಬಾಯಲ್ಲಿ ಊದುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಈಗ ಚಕ್ರವನ್ನು ಎರಡು ಮರದ ತುಂಡಿನ ಮೇಲೆ ಮಲಗಿಸಿ. ಡಸ್ಟ್ ಸೀಲನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯಿರಿ, ಹರಿದರೆ ಹರಿಯಲಿ, ಹೊಸದಿದೆ. ಬೇರಿಂಗ್ ಕಾಣುತ್ತದೆ. ಬೇರಿಂಗ್ ಅಂದರೆ ಎರಡು ಬಳೆ: ಹಬ್ಬಿಗೆ ಕಚ್ಚಿಕೊಂಡಿರುವುದು ಹೊರಬಳೆ, ಆಕ್ಸೆಲ್ ಹೋಗುವುದು ಒಳಬಳೆಯಲ್ಲಿ, ನಡುವೆ ಗುಂಡುಗಳು. ಅಂಗಡಿಯವರು ಇವನ್ನೇ ರೇಸ್ ಅನ್ನುತ್ತಾರೆ. ಎರಡು ಬೇರಿಂಗ್‌ಗಳ ನಡುವೆ ಹಬ್ಬಿನೊಳಗೆ ಒಂದು ಕಬ್ಬಿಣದ ಕೊಳವೆ ಇದೆ, ಅದಕ್ಕೆ ಸ್ಪೇಸರ್ ಅನ್ನುತ್ತಾರೆ. ಅದನ್ನು ಮರೆಯಬೇಡಿ. ಅದರ ಕಥೆ ಮುಂದಿದೆ.

ಸರಳನ್ನು ಒಂದು ಬದಿಯಿಂದ ತೂರಿಸಿ, ಒಳಗಿನ ಕೊಳವೆಯನ್ನು ಪಕ್ಕಕ್ಕೆ ಒತ್ತಿದರೆ ಸ್ವಲ್ಪ ಜರುಗುತ್ತದೆ. ಆಗ ಎದುರು ಬದಿಯ ಬೇರಿಂಗಿನ ಒಳಬಳೆಯ ಅಂಚು ಉಗುರಿನಷ್ಟು ಕಾಣುತ್ತದೆ. ಸರಳಿನ ತುದಿ ಅಲ್ಲಿ ಕೂರಬೇಕು. ಒಂದು ಏಟು ಹಾಕಿ. ಸರಳನ್ನು ಎದುರು ದಿಕ್ಕಿಗೆ ಸರಿಸಿ, ಕೊಳವೆಯನ್ನು ಈ ಕಡೆಗೆ ದೂಡಿ, ಅಲ್ಲೊಂದು ಏಟು. ಮತ್ತೆ ಈ ಕಡೆ. ಒಂದೇ ಕಡೆ ಬಡಿದರೆ ಬೇರಿಂಗ್ ವಾಲಿ ಹಬ್ಬಿನ ಗೋಡೆಗೆ ಕಚ್ಚಿಕೊಳ್ಳುತ್ತದೆ, ಅಲ್ಯೂಮಿನಿಯಂ ಮೆತ್ತಗಿನದು, ಗೀರು ಬೀಳುತ್ತದೆ. ಏಟಿನ ಸದ್ದು ಠಣ್ ಅಂತ ಇದ್ದದ್ದು ಮಂದವಾದರೆ ಅಲುಗಿದೆ ಅಂತ ತಿಳಿಯಿರಿ. ಮೊದಲ ಬೇರಿಂಗ್ ಬಿದ್ದ ಮೇಲೆ ಕೊಳವೆಯೂ ಬರುತ್ತದೆ. ಚಕ್ರ ಮಗುಚಿ ಹಾಕಿದರೆ ಎರಡನೆಯದು ಸಲೀಸು. ಒಳಬಳೆಗೆ ಬಡಿದು ತೆಗೆದ ಬೇರಿಂಗನ್ನು ಮತ್ತೆ ಹಾಕುವಂತಿಲ್ಲ, ಎಷ್ಟೇ ನುಣ್ಣಗೆ ತಿರುಗಿದರೂ ಸರಿ.

ಜಪ್ಪಯ್ಯ ಅಂದರೂ ಅಲುಗದಿದ್ದರೆ ಬಲ ಹಾಕಬೇಡಿ, ಹಂಡೆ ನೋಡಿ. ಬೆಳಗ್ಗೆ ಕಾಫಿ ಕಟ್ಟಿಗೆ ಒಡ್ಡಿ ಕಾಯಿಸಿದ ಹಂಡೆಯಲ್ಲಿ ನೀರು ಕುದಿಯುತ್ತಲೇ ಇರುತ್ತಲ್ವಾ? ದಪ್ಪ ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಿ ಹಬ್ಬಿನ ಸುತ್ತ ಸುತ್ತಿ, ಮೇಲಿಂದ ಚೊಂಬಿನಲ್ಲಿ ಸುರಿಯುತ್ತಾ ಇರಿ, ನಾಲ್ಕೈದು ನಿಮಿಷ. ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಹೆಚ್ಚುಕಡಿಮೆ ಎರಡು ಪಟ್ಟು. ಹಬ್ಬು ಅರಳುತ್ತದೆ, ಬೇರಿಂಗ್ ಅಷ್ಟು ಅರಳಲ್ಲ, ಹಿಡಿತ ಬಿಡುತ್ತದೆ. ಗ್ಯಾಸ್ ಕಟರ್ ಬೆಂಕಿ ಮಾತ್ರ ಹಬ್ಬಿಗೆ ಹಿಡಿಸಬೇಡಿ.

ಬೇರಿಂಗ್ ಪೂರ್ತಿ ಹಾಳಾಗಿದ್ದರೆ ಗುಂಡುಗಳು ಉದುರಿ ಹೊರಬಳೆ ಮಾತ್ರ ಹಬ್ಬಿನಲ್ಲಿ ಉಳಿಯುವುದುಂಟು. ಸರಳಿಗೆ ಸಿಕ್ಕಲು ಅಂಚೇ ಇರಲ್ಲ. ವೆಲ್ಡಿಂಗ್ ಅಂಗಡಿಗೆ ಚಕ್ರ ತಗೊಂಡು ಹೋಗಿ, ಬಳೆಯ ಒಳಮೈಗೆ ಸುತ್ತ ಒಂದು ವೆಲ್ಡ್ ಎಳೆಯಲು ಹೇಳಿ. ವೆಲ್ಡು ತಣ್ಣಗಾಗುವಾಗ ಬಳೆ ಕುಗ್ಗಿ ತಾನೇ ಬಿದ್ದುಹೋಗುತ್ತದೆ. ಮೊದಲ ಸಲ ನೋಡಿದಾಗ ನನಗೆ ಮಾಟ ಅನ್ನಿಸಿತ್ತು.

ಹಬ್ಬನ್ನು ಡೀಸೆಲ್ ಹಾಕಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಡೀಸೆಲ್ ಡ್ರಮ್ ಕಡೆಗೆ ಹರಿಯದಂತೆ ನೋಡಿಕೊಳ್ಳಿ. ಬೇರಿಂಗ್ ಕೂರುವ ಗೋಡೆಯಲ್ಲಿ ಬೆರಳಾಡಿಸಿ. ಚೂಪಾದ ಗೀರಿದ್ದರೆ ನಯವಾದ ಎಮರಿ ಪೇಪರ್‌ನಲ್ಲಿ ಆ ಗೀರಿನ ತುದಿಯನ್ನಷ್ಟೇ ಉಜ್ಜಿ, ಗೋಡೆಯನ್ನಲ್ಲ. ಹೊಸ ಬೇರಿಂಗ್ ಕೈಯಲ್ಲೇ ಸುಮ್ನೆ ಒಳಗೆ ಜಾರಿದರೆ ಹಬ್ಬು ಸವೆದಿದೆ ಅಂತ ಅರ್ಥ. ಸೆಂಟರ್ ಪಂಚಿನಲ್ಲಿ ಗೋಡೆ ತುಂಬಾ ಚುಕ್ಕೆ ಹೊಡೆದು ಬಿಗಿ ಮಾಡುವವರಿದ್ದಾರೆ, ತಂಪು ಪಾನೀಯದ ಡಬ್ಬಿಯ ತಗಡು ಸುತ್ತಿ ಕೂರಿಸುವವರೂ ಇದ್ದಾರೆ. ನನಗೆ ಎರಡೂ ಹಿಡಿಸಲ್ಲ. ಚುಕ್ಕೆಗಳು ನಾಲ್ಕು ದಿನಕ್ಕೆ ಸವೆಯುತ್ತವೆ. ತಗಡು ಒಂದೇ ಕಡೆ ದಪ್ಪವಾಗಿ ಬೇರಿಂಗ್ ಸೊಟ್ಟ ಕೂರುತ್ತದೆ. ಸಡಿಲ ಸ್ವಲ್ಪವೇ ಇದ್ದರೆ ಬೇರಿಂಗ್ ಕೂರಿಸಲೆಂದೇ ಬರುವ ಲಾಕ್‌ಟೈಟ್ ಅಂಟು ಹಚ್ಚಿ. ಜಾಸ್ತಿ ಇದ್ದರೆ ಲೇತ್ ಅಂಗಡಿಯಲ್ಲಿ ಹಬ್ಬಿಗೆ ಬುಷ್ ಹಾಕಿಸಿ, ಇಲ್ಲವೇ ಹಬ್ಬೇ ಬದಲಿಸಿ.

ಕೂರಿಸುವುದು

ನಿಧಾನವಾಗಿ ಮಾಡಬೇಕಾದ ಕೆಲಸ ಇದು. ನಿಯಮ ಒಂದೇ. ಹಬ್ಬಿಗೆ ಬಿಗಿಯಾಗುವುದು ಹೊರಬಳೆ, ಹಾಗಾಗಿ ತಳ್ಳುವ ಬಲವೂ ಹೊರಬಳೆಯ ಮೇಲೇ ಬೀಳಬೇಕು. ಒಳಬಳೆಗೆ ಬಡಿದರೆ ಏಟು ಗುಂಡುಗಳ ಮೂಲಕ ಹೊರಬಳೆಗೆ ದಾಟುತ್ತದೆ. ಗುಂಡು ಬಳೆಯನ್ನು ಮುಟ್ಟುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು, ಅರ್ಧ ಕೆ.ಜಿ. ಸುತ್ತಿಗೆಯ ಏಟು ಪೂರ್ತಿ ಅಲ್ಲಿ ಬಿದ್ದರೆ ತಗ್ಗು ಬೀಳದೆ ಇನ್ನೇನಾಗುತ್ತೆ? ನಾನು ಕುಯ್ದು ನೋಡಿದ ಬೇರಿಂಗ್‌ನಲ್ಲಿ ಇದ್ದದ್ದು ಅದೇ.

ಹೊರಬಳೆಯ ಮೇಲೆ ಮಾತ್ರ ಕೂರುವ ಸ್ಪಾನರ್ ಸಾಕೆಟ್ಟೋ ಪೈಪ್ ತುಂಡೋ ಹುಡುಕಿ. 37 ಮಿ.ಮೀ. ಬೇರಿಂಗ್‌ಗೆ 35-36 ಮಿ.ಮೀ. ಹೊರ ಅಳತೆಯ ಸಾಕೆಟ್ ಸರಿಹೋಗುತ್ತದೆ. ಅದಕ್ಕಿಂತ ದೊಡ್ಡದಾದರೆ ಹಬ್ಬಿಗೆ ತಾಗುತ್ತದೆ, ತೀರಾ ಚಿಕ್ಕದಾದರೆ ಸೀಲಿನ ಮೇಲೆ ಕೂರುತ್ತದೆ. ಸಾಕೆಟ್ ಇಲ್ಲದಿದ್ದರೆ ತೆಗೆದ ಹಳೇ ಬೇರಿಂಗನ್ನೇ ಗ್ರೈಂಡರ್‌ಗೆ ಹಿಡಿದು ಹೊರಮೈ ಸುತ್ತ ಒಂದು ಚೂರು ಉಜ್ಜಿ, ಹಬ್ಬಿನಲ್ಲಿ ಸಡಿಲವಾಗಿ ಓಡಾಡುವಷ್ಟು. ಒಳಬಳೆ, ಗುಂಡು ತೆಗೆದು ಹೊರಬಳೆ ಮಾತ್ರ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಗ್ರೈಂಡರ್ ಹಿಡಿಯುವಾಗ ಕನ್ನಡಕ ಹಾಕಿಕೊಳ್ಳಿ. ಉಜ್ಜದೇ ಹಳೆಯದನ್ನು ಮೇಲಿಟ್ಟು ಬಡಿದರೆ ಅದೂ ಒಳಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಹೊಸದರ ಮೇಲೆ ಹಳೆಯದು ಕೂತಿರುವುದನ್ನು ನೋಡುತ್ತಾ ನೀವೂ ಕೂರಬೇಕಾಗುತ್ತೆ.

ಹಬ್ಬಿಗೆ ಮತ್ತೆ ಹಂಡೆಯ ನೀರಿನ ಬಟ್ಟೆ ಸುತ್ತಿ. ಬಿಸಿ ಆದ ಮೇಲೆ ಒಳಗೆಲ್ಲ ಚೆನ್ನಾಗಿ ಒರೆಸಿ, ಒಂದು ಹನಿ ನೀರೂ ಉಳಿಯಬಾರದು. ಹಬ್ಬಿನ ಬಿಸಿ ಇದ್ದದ್ದಕ್ಕಿಂತ 50 ಡಿಗ್ರಿ ಏರಿದರೆ 37 ಮಿ.ಮೀ. ತೂತು ಸುಮಾರು 0.04 ಮಿ.ಮೀ. ದೊಡ್ಡದಾಗುತ್ತದೆ, ಫ್ರೀಜರ್‌ನಿಂದ ಬಂದ ಬೇರಿಂಗ್ ಸುಮಾರು 0.02 ಮಿ.ಮೀ. ಸಣ್ಣದಾಗಿರುತ್ತದೆ. ಎರಡೂ ಸೇರಿದರೆ ಒಂದು ತಲೆಕೂದಲಿನ ದಪ್ಪ. ಕಡಿಮೆ ಅನ್ನಿಸಬಹುದು, ಆದರೆ ಬೇರಿಂಗ್ ಬಿಗಿಯಾಗಿರುವುದೂ ಅಷ್ಟೇ ಅಂತರದಲ್ಲಿ. ಅದೃಷ್ಟ ಇದ್ದರೆ ಹೆಬ್ಬೆರಳಿನಲ್ಲಿ ಒತ್ತಿದರೆ ಅರ್ಧ ಇಳಿಯುತ್ತದೆ.

ಫ್ರೀಜರ್‌ನಿಂದ ತೆಗೆದು, ಮೇಲಿನ ಇಬ್ಬನಿ ಒರೆಸಿ, ನೆಟ್ಟಗೆ ಇಟ್ಟು, ಸಾಕೆಟ್ ಇಟ್ಟು, ಮೆಲ್ಲಗೆ ತಟ್ಟಿ. ಮೊದಲ ನಾಲ್ಕು ಏಟು ತುಂಬಾ ಮುಖ್ಯ, ಸೊಟ್ಟಗೆ ಹೊರಟರೆ ಅಲ್ಲೇ ನಿಲ್ಲಿಸಿ, ಎತ್ತರ ಇರುವ ಕಡೆ ತಟ್ಟಿ ನೇರ ಮಾಡಿ. ಬೇರಿಂಗ್ ಒಳಗಿನ ಮೆಟ್ಟಿಲಿಗೆ ಕೂತ ಕೂಡಲೇ ಏಟಿನ ಸದ್ದು ಬದಲಾಗುತ್ತದೆ, ಟೊಳ್ಳಾಗಿದ್ದದ್ದು ಗಟ್ಟಿಯಾಗುತ್ತದೆ. ಕಿವಿ ಕೊಡಿ, ಗೊತ್ತಾಗುತ್ತೆ. ಅಲ್ಲಿಗೆ ಸಾಕು.

ಚಕ್ರ ಮಗುಚಿ. ಒಳಗೆ ಕೊಳವೆ ಇಳಿಸಿ. ಹೌದು, ಕೊಳವೆ.

ನಾನು ಮೊದಲ ಸಲ ಮಾಡಿದಾಗ ಎರಡು ಬೇರಿಂಗನ್ನೂ ಚೆಂದಕ್ಕೆ ಕೂರಿಸಿ, ಸೀಲ್ ಹಾಕಿ, ಚಕ್ರ ಏರಿಸಿ, ಆಕ್ಸೆಲ್ ನಟ್ಟು ಬಿಗಿ ಮಾಡಿದೆ. ಬಿಗಿ ಮಾಡಿದ ಹಾಗೆ ಚಕ್ರ ತಿರುಗುವುದು ಕಷ್ಟ ಆಯ್ತು. ಸಡಿಲಿಸಿದರೆ ಸಲೀಸು, ಬಿಗಿ ಮಾಡಿದರೆ ಗರ್ ಅಂತ ನಿಲ್ಲುತ್ತೆ. ಬ್ರೇಕ್ ಹಿಡಿಯುತ್ತಿದೆ ಅಂತ ಒಂದು ಗಂಟೆ ಬ್ರೇಕಿನ ಜೊತೆ ಗುದ್ದಾಡಿದೆ. ಅಷ್ಟರಲ್ಲಿ ಕಣ ಗುಡಿಸುತ್ತಿದ್ದ ಅಮ್ಮ ಪೊರಕೆ ಹಿಡಿದುಕೊಂಡೇ ಬಂದು, "ಈ ಪೈಪು ನಿಂದೇನೋ? ಕಸಕ್ಕೆ ಹಾಕ್ಲಾ?" ಅಂದರು. ಸ್ಪೇಸರ್!

ಆ ಕೊಳವೆಯ ಕೆಲಸ ಇಷ್ಟು: ಆಕ್ಸೆಲ್ ನಟ್ಟು ಬಿಗಿ ಮಾಡಿದಾಗ ಎರಡು ಒಳಬಳೆಗಳು ಹತ್ತಿರ ಬರದಂತೆ ನಡುವೆ ನಿಂತು ತಡೆಯುವುದು. ಅದಿಲ್ಲದಿದ್ದರೆ ಒಳಬಳೆಗಳು ಒಳಕ್ಕೆ ಎಳೆಯಲ್ಪಟ್ಟು ಗುಂಡುಗಳು ಪಕ್ಕದ ಗೋಡೆಗೆ ಒತ್ತುತ್ತವೆ. ಬೇರಿಂಗ್ ಅಲ್ಲೇ ಹಿಡಿಯುತ್ತೆ, ಇಲ್ಲಾ ಸ್ವಲ್ಪ ದಿನದಲ್ಲೇ ಸಾಯುತ್ತೆ. ಆ ಎರಡು ಹೊಸ ಬೇರಿಂಗನ್ನು ನಾನು ಒಳಬಳೆಗೆ ಬಡಿದೇ ತೆಗೆಯಬೇಕಾಯ್ತು. ಮಾರನೇ ದಿನ ಮತ್ತೆ ಚಿಕ್ಕಮಗಳೂರಿಗೆ ಹೋಗಿ ಇನ್ನೆರಡು ತಂದೆ, ಬಸ್ಸಿನಲ್ಲಿ.

ಎರಡನೇ ಬೇರಿಂಗ್ ಕೂರಿಸುವ ರೀತಿ ಮೊದಲನೆಯದರ ಹಾಗಲ್ಲ. ಇದನ್ನು ಮೆಟ್ಟಿಲಿಗೆ ತಾಗುವ ತನಕ ಬಡಿಯಬಾರದು. ಒಳಬಳೆ ಕೊಳವೆಯನ್ನು ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಕೊಳವೆ ಸಾಮಾನ್ಯವಾಗಿ ಎರಡು ಮೆಟ್ಟಿಲಿನ ಅಂತರಕ್ಕಿಂತ ಕೂದಲಷ್ಟು ಉದ್ದ ಇರುತ್ತದೆ. ಅದನ್ನು ಮೀರಿ ಹೊರಬಳೆಯನ್ನು ಒಳಕ್ಕೆ ಬಡಿದರೆ ಮತ್ತೆ ಅದೇ ಪಕ್ಕದ ಒತ್ತಡ. ಹಾಗಾಗಿ ಕೊನೆಕೊನೆಗೆ ಎರಡು ಏಟು ಹಾಕಿ ಬೆರಳು ಹಾಕಿ ಕೊಳವೆ ಅಲ್ಲಾಡಿಸಿ ನೋಡಿ, ಮತ್ತೆ ಒಂದು ಏಟು, ಮತ್ತೆ ನೋಡಿ. ಕೊಳವೆ ಸಡಿಲವಾಗಿ ಗಲಗಲ ಅನ್ನಬಾರದು, ಆದರೆ ಬೆರಳಿನಲ್ಲಿ ಒತ್ತಿದರೆ ಪಕ್ಕಕ್ಕೆ ಜರುಗಬೇಕು. ಒಳಬಳೆಗಳು ಎರಡೂ ಬೆರಳಿನಲ್ಲಿ ನುಣ್ಣಗೆ ತಿರುಗಬೇಕು. ಕೊಳವೆಯ ತೂತು ಬೇರಿಂಗ್ ತೂತಿಗೆ ನೇರ ಬರಲು ಆಕ್ಸೆಲ್ಲನ್ನೇ ಒಂದು ಸಲ ತೂರಿಸಿ ನೋಡಿ.

ಸುತ್ತಿಗೆಯೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 10 ಮಿ.ಮೀ.ಯ ಪೂರ್ತಿ ಥ್ರೆಡ್ ಇರುವ ರಾಡ್ ಸಿಗುತ್ತದೆ. ಒಂದಡಿ ತುಂಡು, ಎರಡು ನಟ್ಟು, ನಾಲ್ಕು ದಪ್ಪ ವಾಷರ್ ಸಾಕು. ರಾಡನ್ನು ಹಬ್ಬಿನಲ್ಲಿ ತೂರಿಸಿ, ಈ ಕಡೆ ಸಾಕೆಟ್ಟು ವಾಷರ್, ಆ ಕಡೆ ಹಬ್ಬಿಗೆ ಅಡ್ಡ ಒಂದು ಪಟ್ಟಿ, ನಟ್ಟು ತಿರುಗಿಸುತ್ತಾ ಹೋದರೆ ಬೇರಿಂಗ್ ತಾನಾಗಿ ಒಳಗೆ ಸರಿಯುತ್ತದೆ. ನಾನು ಈಗ ಮಾಡುವುದು ಹೀಗೇ.

2ಆರ್‌ಎಸ್ ಬೇರಿಂಗ್‌ಗೆ ಗ್ರೀಸು ಕಂಪನಿಯಲ್ಲೇ ತುಂಬಿ ಬಂದಿರುತ್ತದೆ, ಸೀಲ್ ಎತ್ತಿ ಇನ್ನಷ್ಟು ತುರುಕಬೇಡಿ. ಒಂದೇ ಬದಿ ಸೀಲ್ ಇರುವುದಾದರೆ ಸೀಲ್ ಹೊರಗೆ ಬರುವಂತೆ ಹಾಕಿ, ತೆರೆದ ಬದಿಯಿಂದ ಗುಂಡುಗಳ ನಡುವೆ ಬೆರಳಿನಲ್ಲಿ ಗ್ರೀಸು ತುಂಬಿ. ಹಬ್ಬಿನ ಹೊಟ್ಟೆ ತುಂಬಾ ಗ್ರೀಸು ತುಂಬುವುದು ಸುಮ್ನೆ ದಂಡ, ಬಿಸಿಗೆ ಕರಗಿ ಅದು ಡ್ರಮ್ಮಿಗೇ ಬರುತ್ತದೆ, ಬ್ರೇಕ್ ಹೋಗುತ್ತದೆ. ಹೊಸ ಡಸ್ಟ್ ಸೀಲಿನ ತುಟಿಗೆ ತೆಳ್ಳಗೆ ಸವರಿ, ಆಕ್ಸೆಲ್ಲಿಗೂ ಸವರಿ. ನಮ್ಮ ಮಳೆಗೆ ಈ ತೆಳು ಗ್ರೀಸೇ ಕೊಡೆ.

ಚಕ್ರ ಏರಿಸುವಾಗ

ಎರಡು ಕಡೆ ಕಣ್ಣಿಡಿ. ಒಂದು, ಸ್ಪೀಡೋಮೀಟರ್ ಗೇರಿನ ಹಲ್ಲು ಹಬ್ಬಿನ ಕಚ್ಚಿಗೆ ಕೂತಿದೆಯಾ ನೋಡಿ. ಕೂರದೆ ನಟ್ಟು ಬಿಗಿ ಮಾಡಿದರೆ ಹಲ್ಲು ಪುಡಿ. ಇನ್ನೊಂದು ಜೀವದ ವಿಷಯ. ಬ್ರೇಕ್ ಪ್ಲೇಟಿನಲ್ಲಿ ಒಂದು ಕಚ್ಚು ಇರುತ್ತದೆ, ಫೋರ್ಕಿನ ಕಾಲಿನಲ್ಲಿ ಒಂದು ಗುಬುಟು ಇರುತ್ತದೆ. ಗುಬುಟು ಆ ಕಚ್ಚಿನೊಳಗೆ ಕೂರಲೇಬೇಕು. ಕೂರದಿದ್ದರೆ ಬ್ರೇಕ್ ಹಿಡಿದಾಗ ಪ್ಲೇಟೂ ಚಕ್ರದ ಜೊತೆ ತಿರುಗಿ, ಕೇಬಲ್ ಸುತ್ತಿಕೊಂಡು ಚಕ್ರ ಅಲ್ಲೇ ಹಿಡಿಯುತ್ತದೆ, ನೀವು ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ನಟ್ಟು ಬಿಗಿ ಮಾಡುವ ಮುಂಚೆ ಬಗ್ಗಿ ನೋಡಿ, ಬಿಗಿ ಮಾಡಿದ ಮೇಲೂ ನೋಡಿ.

ಚಕ್ರ ತಿರುಗಿಸಿ ಬ್ರೇಕ್ ಹಿಡಿದುಕೊಂಡೇ ನಟ್ಟು ಬಿಗಿ ಮಾಡಿದರೆ ಶೂಗಳು ನಡುಮಧ್ಯಕ್ಕೆ ಬರುತ್ತವೆ. ಸ್ಟ್ಯಾಂಡಿನಿಂದ ಇಳಿಸಿ ಫೋರ್ಕನ್ನು ಎರಡು ಮೂರು ಸಲ ಒತ್ತಿ, ಮತ್ತೆ ಚಕ್ರ ಎತ್ತಿ ತಿರುಗಿಸಿ. ಕೈ ಬಿಟ್ಟ ಮೇಲೂ ಸದ್ದಿಲ್ಲದೆ ನಾಲ್ಕಾರು ಸುತ್ತು ತಿರುಗಬೇಕು.

ಹಿಂದಿನ ಚಕ್ರದ್ದು ಇದೇ ಕೆಲಸ, ಕೊಳೆ ಮಾತ್ರ ಜಾಸ್ತಿ. ಅಲ್ಲಿ ಹಬ್ಬಿನಲ್ಲಿ ಎರಡಿದ್ದರೆ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಕೂತ ಡ್ರಮ್ಮಿನಲ್ಲಿ ಮೂರನೆಯದು ಒಂದು ಇರುತ್ತದೆ, ಬಹಳ ಗಾಡಿಗಳಲ್ಲಿ ಅದರ ನಂಬರ್ ಬೇರೆ. ಎಷ್ಟೋ ಜನ ಎರಡನ್ನು ಬದಲಿಸಿ ಮೂರನೆಯದನ್ನು ಹಾಗೇ ಬಿಡುತ್ತಾರೆ, ಆಮೇಲೆ ಸದ್ದು ಹೋಗಲೇ ಇಲ್ಲ ಅನ್ನುತ್ತಾರೆ. ಅಲ್ಲಿರುವ ರಬ್ಬರ್ ಗಟ್ಟೆಗಳೂ ಸವೆದಿದ್ದರೆ ಜೊತೆಗೇ ಬದಲಿಸಿ. ಬ್ರೇಕ್ ಪ್ಲೇಟನ್ನು ಹಿಡಿದಿರುವ ಟಾರ್ಕ್ ರಾಡಿನ ನಟ್ಟು ಮತ್ತು ಪಿನ್ ಮರೆಯಬೇಡಿ, ಮುಂದಿನ ಗುಬುಟಿನ ಕೆಲಸವನ್ನು ಹಿಂದೆ ಮಾಡುವುದು ಅದೇ. ಚೈನ್ ಅಡ್ಜಸ್ಟರಿನ ಗೆರೆ ಎರಡೂ ಕಡೆ ಸಮ ಇರಲಿ. ಚೈನ್ ತಂತಿಯ ಹಾಗೆ ಬಿಗಿ ಮಾಡಿದರೆ ಹೊಸ ಬೇರಿಂಗ್ ಮೇಲೆಯೇ ಭಾರ ಬೀಳುತ್ತದೆ.

ತೋಟದ ಜೀಪಿನವರು ಕೇಳುವುದುಂಟು. ಹಳೇ ಜೀಪಿನ ಮುಂದಿನ ಹಬ್ಬಿನಲ್ಲಿ ಇರುವುದು ಗುಂಡಲ್ಲ, ಓರೆಯಾದ ಉರುಳೆಗಳು, ಟೇಪರ್ ಬೇರಿಂಗ್. ಅದನ್ನು ಬಿಚ್ಚಿ ತೊಳೆದು ಗ್ರೀಸು ತುಂಬಿ ಮತ್ತೆ ಹಾಕಬಹುದು, ಬಿಗಿಯನ್ನೂ ನಾವೇ ಹೊಂದಿಸಬೇಕು. ಚಕ್ರ ತಿರುಗಿಸುತ್ತಲೇ ಒಳನಟ್ಟು ಬಿಗಿ ಮಾಡಿ, ಚಕ್ರ ಹಿಡಿಯಲು ಶುರುವಾದಾಗ ಆರನೇ ಒಂದು ಸುತ್ತಿನಷ್ಟು ಹಿಂದಕ್ಕೆ ಬಿಟ್ಟು, ಲಾಕ್ ವಾಷರ್ ಹಾಕಿ ಹೊರನಟ್ಟು ಬಿಗಿ ಮಾಡಿ ಆ ವಾಷರಿನ ಅಂಚು ಮಡಚಬೇಕು. ಹಳ್ಳ ದಾಟುವ ಜೀಪಿಗೆ ಮಳೆಗಾಲ ಮುಗಿದ ಮೇಲೆ ಒಂದು ಸಲ ಹಬ್ ಬಿಚ್ಚಿ ಗ್ರೀಸು ನೋಡುವುದು ಒಳ್ಳೆಯದು. ಇನ್ನು ಈಗಿನ ಕಾರುಗಳ ಮುಂದಿನ ಬೇರಿಂಗ್‌ಗೆ ಸುತ್ತಿಗೆ ಹಿಡಿದು ಹೋಗಬೇಡಿ. ಬಹಳ ಕಾರುಗಳಲ್ಲಿ ಅದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು. ಬೇರಿಂಗ್ ಕೂತಿರುವ ಭಾಗವನ್ನು (ಅದಕ್ಕೆ ನಕಲ್ ಅನ್ನುತ್ತಾರೆ) ಬಿಚ್ಚಿಕೊಂಡು ಪ್ರೆಸ್ ಇರುವ ವರ್ಕ್‌ಶಾಪಿಗೆ ಹೋಗಿ, ನಿಂತು ನೋಡಿ, ಅಲ್ಲೂ ಹೊರಬಳೆಯ ಮೇಲೇ ಒತ್ತುತ್ತಾರಾ ಅಂತ.

ಎಲ್ಲ ಆದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ನಿಧಾನ ಓಡಿಸಿ. ಮನೆ ಮುಂದೆ ಎರಡು ಸಲ ಬ್ರೇಕ್ ಹಿಡಿದು ನೋಡಿಯೇ ರಸ್ತೆಗೆ ಇಳಿಯಿರಿ. ವಾಪಸ್ ಬರುವಾಗ ಬ್ರೇಕ್ ಕಡಿಮೆ ಬಳಸಿ, ಬಂದು ಅಂಗೈ ಹಿಂಬದಿಯನ್ನು ಹಬ್ಬಿನ ಹತ್ತಿರ ಒಯ್ದು ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಬ್ರೇಕ್ ಹಿಡಿಯುತ್ತಿದೆ ಅಥವಾ ಎರಡನೇ ಬೇರಿಂಗ್ ಜಾಸ್ತಿ ಒಳಗೆ ಹೋಗಿದೆ. ಆಕ್ಸೆಲ್ ನಟ್ಟಿಗೆ ಮತ್ತೆ ಒಂದು ಸಲ ಸ್ಪಾನರ್ ಹಾಕಿ ನೋಡಿ.

ಉಜ್ಜಿ ಸಣ್ಣ ಮಾಡಿದ ಆ ಹಳೇ ಹೊರಬಳೆಯನ್ನು ಗುಜರಿಗೆ ಹಾಕಬೇಡಿ. ನಂಬರ್ ಬರೆದ ಚೀಟಿ ಕಟ್ಟಿ ಸ್ಪಾನರ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ನನ್ನದು ಈಗ ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಇದೆ, ಹೋದ ತಿಂಗಳು ತಗೊಂಡು ಹೋದವರು ಇನ್ನೂ ವಾಪಸ್ ಕೊಟ್ಟಿಲ್ಲ.